ಗಾಳಿಯ ಲೆಕ್ಕ, ಗಾಜಿನ ಲೆಕ್ಕ

ಅಮೆರಿಕದ ಮಯಾಮಿಯಲ್ಲಿ ಹೊಸ ಮಾದರಿಯ ಕಿಟಕಿಯೊಂದನ್ನು ಹಾರಿಬರುವ ವಸ್ತುಗಳಿಗೂ ತಡೆಯುತ್ತದೆ ಎಂದು ಮಾರಬೇಕಾದರೆ ಅದು ಮೊದಲು ಮರದ ತುಂಡಿನ ಪೆಟ್ಟು ತಿನ್ನಬೇಕು. ಎರಡಿಂಚು ದಪ್ಪ, ನಾಲ್ಕಿಂಚು ಅಗಲ ಎಂದು ಅಲ್ಲಿ ಮಾರುವ ಮರದ ಪಟ್ಟಿ. ತೂಕ ಸುಮಾರು 4 ಕಿಲೋ. ಅದನ್ನು ಗಾಳಿಯ ಒತ್ತಡದಿಂದ ನಡೆಯುವ ಕೋವಿಯೊಳಗಿಟ್ಟು, ತುದಿ ಮುಂದಾಗಿ, ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಕಿಟಕಿಗೆ ಹೊಡೆಯುತ್ತಾರೆ. ಗಂಟೆಗೆ 55 ಕಿ.ಮೀ. ಅಂದರೆ ದೊಡ್ಡ ವೇಗವೇನಲ್ಲ, ಊರೊಳಗೆ ಓಡುವ ಬಸ್ಸಿನ ವೇಗ. ಆದರೆ ತೂಕವನ್ನೂ ಸೇರಿಸಿ ನೋಡಿದರೆ, 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿಗಿಂತ ಆ ಪೆಟ್ಟಿನ ಶಕ್ತಿ ಸುಮಾರು ನಾಲ್ಕು ಪಟ್ಟು.

ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ಪೆಟ್ಟು ತಿಂದ ಅದೇ ಕಿಟಕಿಯನ್ನು ಒಳಕ್ಕೂ ಹೊರಕ್ಕೂ ಮತ್ತೆ ಮತ್ತೆ ಒತ್ತಿ ಎಳೆಯುತ್ತಾರೆ. ಅಮೆರಿಕದ ಎಎಸ್‌ಟಿಎಂ ಮಾನಕದ ಪ್ರಕಾರ ಹೀಗೆ 9,000 ಸಲ. ಚಂಡಮಾರುತ ಒಂದೇ ಹೊಡೆತ ಹೊಡೆದು ಹೋಗುವುದಿಲ್ಲ, ಗಂಟೆಗಟ್ಟಲೆ ಕಿಟಕಿಯನ್ನು ಅಲುಗಿಸುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಪಾಸು-ಫೇಲಿನ ನಿಯಮವೂ ವಿಚಿತ್ರವಾಗಿದೆ. ಗಾಜು ಒಡೆದರೆ ಫೇಲಲ್ಲ. ಒಡೆದ ಗಾಜು ಚೌಕಟ್ಟಿನಲ್ಲೇ ಕಚ್ಚಿಕೊಂಡಿರಬೇಕು, ಮೂರಿಂಚಿನ ಚೆಂಡು ತೂರುವಷ್ಟು ತೂತು ಬೀಳಬಾರದು, ಅಷ್ಟೇ. ಗಾಜು ಹಾಳಾದರೂ ಗೋಡೆ ಬಾಯಿ ತೆರೆಯಬಾರದು.

ನಾನು ಕೆಲಸದ ನಿಮಿತ್ತ ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ಬಂದವನು. ಸಮುದ್ರ ಕಾಣುವ ಕಿಟಕಿಗೆ ಇಲ್ಲಿ ಬಾಡಿಗೆ ಜಾಸ್ತಿ. ಆ ಕಿಟಕಿ ಎಷ್ಟು ಗಾಳಿಯನ್ನು ತಡೆಯುತ್ತದೆ ಎಂದು ಕೇಳುವವರನ್ನು ನಾನು ಕಂಡಿಲ್ಲ. ಈ ಊರಿನ ಮನೆಗಳ ಕಿಟಕಿಗೆ ಮಯಾಮಿಯಂಥ ಕಡ್ಡಾಯ ಪರೀಕ್ಷೆ ಇಲ್ಲ. ಏಕಿಲ್ಲ ಎಂದರೆ ‘ನಮ್ಮ ದೇಶವೇ ಹೀಗೆ’ ಎಂಬ ಸಿದ್ಧ ಉತ್ತರ ಎಲ್ಲರ ಬಾಯಲ್ಲೂ ಇರುತ್ತದೆ. ಇತಿಹಾಸ ನೋಡಿದರೆ ಉತ್ತರ ಅಷ್ಟು ಸರಳವಲ್ಲ. ಒಂದೊಂದು ಊರೂ ತನ್ನನ್ನು ಕೊಂದದ್ದು ಯಾವುದೋ, ತನ್ನ ಜೇಬಿಗೆ ಕತ್ತರಿ ಹಾಕಿದ್ದು ಯಾವುದೋ, ಅದನ್ನೇ ಮೊದಲು ಲೆಕ್ಕಕ್ಕೆ ತೆಗೆದುಕೊಂಡಿದೆ.

ಮರದ ತುಂಡಿನ ಕಥೆಯನ್ನೇ ಮೊದಲು ನೋಡೋಣ. 1970ರ ಮೇ 11ರಂದು ಟೆಕ್ಸಾಸಿನ ಲಬಕ್ ಪಟ್ಟಣದ ಮೇಲೆ ಸುಂಟರಗಾಳಿ ಎರಗಿತು. ಅದೇ ಊರಿನಲ್ಲಿದ್ದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಹಾನಿಯನ್ನು ಬೀದಿ ಬೀದಿ ಸುತ್ತಿ ಅಳೆದರು. ಗಾಳಿ ತಾನಾಗಿ ಮುರಿದದ್ದು ಒಂದಾದರೆ, ಗಾಳಿ ಎತ್ತಿ ಎಸೆದ ವಸ್ತುಗಳು ಮುರಿದದ್ದು ಇನ್ನೊಂದು ಎಂಬುದನ್ನು ಬಿಡಿಸಿ ನೋಡುವ ಅಧ್ಯಯನ ಅಲ್ಲಿ ಬೆಳೆಯಿತು. ಹಾರಿಬರುವ ಇಂಥ ವಸ್ತುಗಳಿಗೆ ಎಂಜಿನಿಯರುಗಳು ಇಟ್ಟುಕೊಂಡ ಹೆಸರು ‘ಮಿಸೈಲ್’.

1974ರ ಕ್ರಿಸ್ಮಸ್ ದಿನದ ನಸುಕಿನಲ್ಲಿ ಟ್ರೇಸಿ ಚಂಡಮಾರುತ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ನೆಲಸಮ ಮಾಡಿತು. ಸತ್ತವರು ಸುಮಾರು ಎಪ್ಪತ್ತು ಮಂದಿ. ಆದರೆ ಊರಿನ ಬಹುಪಾಲು ಮನೆಗಳು ವಾಸಕ್ಕೆ ಉಳಿಯಲಿಲ್ಲ, ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬೇರೆ ಊರುಗಳಿಗೆ ಸಾಗಿಸಬೇಕಾಯಿತು. ಹಾನಿಯ ವರದಿ ಬರೆದ ಎಂಜಿನಿಯರ್ ಜಾರ್ಜ್ ವಾಕರ್ ಕಂಡದ್ದು ಒಂದು ಸರಪಳಿ. ಒಂದು ಮನೆಯಿಂದ ಕಿತ್ತ ತುಂಡು ಪಕ್ಕದ ಮನೆಯ ಕಿಟಕಿ ಒಡೆಯುತ್ತದೆ. ಒಡೆದ ಕಿಟಕಿಯಿಂದ ಗಾಳಿ ಒಳನುಗ್ಗಿ ಮನೆಯನ್ನು ಬಲೂನಿನಂತೆ ಉಬ್ಬಿಸುತ್ತದೆ. ಮೇಲಿನ ಗಾಳಿ ಚಾವಣಿಯನ್ನು ಹೀರುತ್ತಿರುವಾಗ ಒಳಗಿನ ಗಾಳಿಯೂ ಕೆಳಗಿನಿಂದ ತಳ್ಳುತ್ತದೆ. ಚಾವಣಿ ಹಾರುತ್ತದೆ, ಅದರ ತುಂಡುಗಳು ಮೂರನೆಯ ಮನೆಗೆ ಬಡಿಯುತ್ತವೆ. ಡಾರ್ವಿನ್ನಿನ ಹೊಸ ಕಟ್ಟಡ ನಿಯಮಗಳಲ್ಲಿ 4 ಕಿಲೋ ಮರದ ತುಂಡಿನ ಪರೀಕ್ಷೆ ಸೇರಿದ್ದು ಈ ಪಾಠದಿಂದ. ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಮನೆಯ ಭಾಗಗಳನ್ನು ಗಾಳಿಗೆ ಒಡ್ಡಿ ನೋಡುವ ಸೈಕ್ಲೋನ್ ಟೆಸ್ಟಿಂಗ್ ಸ್ಟೇಷನ್ 1977ರಲ್ಲಿ ಶುರುವಾಯಿತು. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ.

1983ರ ಆಗಸ್ಟಿನಲ್ಲಿ ಅಲಿಸಿಯಾ ಚಂಡಮಾರುತ ಹ್ಯೂಸ್ಟನ್ನಿನ ಗಾಜಿನ ಗೋಪುರಗಳ ನಡುವೆ ಹಾದುಹೋಯಿತು. ಅಕ್ಕಪಕ್ಕದ ಚಾವಣಿಗಳ ಮೇಲೆ ಹರಡಿದ್ದ ಜಲ್ಲಿಕಲ್ಲುಗಳೇ ಹಾರಿ ಗಾಜುಗಳನ್ನು ಒಡೆದವು. ಎತ್ತರದ ಮಹಡಿಗಳ ಗಾಜಿಗೆ ಮರದ ಪಟ್ಟಿಯ ಬದಲು 2 ಗ್ರಾಂ ತೂಕದ ಉಕ್ಕಿನ ಗುಂಡುಗಳನ್ನು ಹೊಡೆದು ನೋಡುವ ‘ಸಣ್ಣ ಮಿಸೈಲ್’ ಪರೀಕ್ಷೆಯ ಹಿಂದಿರುವುದು ಇಂಥ ಅನುಭವ. ಕೊನೆಗೆ 1992ರ ಆಗಸ್ಟ್ 24ರಂದು ಆಂಡ್ರೂ ದಕ್ಷಿಣ ಫ್ಲೋರಿಡಾಕ್ಕೆ ಬಂತು. ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು, ಪರಿಹಾರ ಕೊಡಲಾಗದೆ ಹಲವು ವಿಮಾ ಕಂಪನಿಗಳು ದಿವಾಳಿಯೆದ್ದವು. 1994ರಲ್ಲಿ ಮಯಾಮಿಯ ಡೇಡ್ ಕೌಂಟಿ ಮರದ ತುಂಡಿನ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2002ರಲ್ಲಿ ಇಡೀ ಫ್ಲೋರಿಡಾಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. ಅಲ್ಲಿ ಕಿಟಕಿಯ ಪರವಾಗಿ ಗಟ್ಟಿಯಾಗಿ ಮಾತಾಡಿದ್ದು ದುಡ್ಡು ಕಳೆದುಕೊಂಡವರು.

ಈಗ ಬಂಗಾಳ ಕೊಲ್ಲಿಯ ನಮ್ಮ ದಡಕ್ಕೆ ಬರೋಣ. ‘ಸೈಕ್ಲೋನ್’ ಎಂಬ ಪದ ಹುಟ್ಟಿದ್ದೇ ಈ ಸಮುದ್ರದ ಬಿರುಗಾಳಿಗಳನ್ನು ನೋಡಿ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ 1840ರ ದಶಕದಲ್ಲಿ ಆ ಪದವನ್ನು ಬಳಕೆಗೆ ತಂದ. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದ ಅದರ ಮೂಲ. 1864ರ ನವೆಂಬರಿನಲ್ಲಿ ಮಚಲಿಪಟ್ಟಣಕ್ಕೆ ನುಗ್ಗಿದ ನೀರಿನಲ್ಲಿ ಸತ್ತವರು ಸುಮಾರು 30,000 ಎಂದು ಇತಿಹಾಸಗಳು ಹೇಳುತ್ತವೆ. ಆಮೇಲೆ 1977ರ ನವೆಂಬರ್ 19. ಕೃಷ್ಣಾ ನದಿ ಸಮುದ್ರ ಸೇರುವ ದಿವಿಸೀಮೆಯ ಮೇಲೆ ಸುಮಾರು ಐದು ಮೀಟರ್ ಎತ್ತರದ ನೀರು ಏರಿ ಬಂತು. ಸರ್ಕಾರಿ ಲೆಕ್ಕದಲ್ಲೇ ಸುಮಾರು 10,000 ಜನ ಸತ್ತರು. ವಿಜಯವಾಡದಿಂದ ಕೆಲವೇ ಗಂಟೆಗಳ ದಾರಿಯಲ್ಲಿದ್ದ ಹಳ್ಳಿಗಳು ಹೆಸರಷ್ಟೇ ಆಗಿ ಉಳಿದವು.

ಟೌನ್ಸ್‌ವಿಲ್‌ನಲ್ಲಿ ಮನೆಯ ಭಾಗಗಳ ಪರೀಕ್ಷೆ ಶುರುವಾದ ವರ್ಷವೇ ಇದು. ಹಾಗೆಂದು ದಿವಿಸೀಮೆಯವರ ಮುಂದೆ ನಿಂತು ಕಿಟಕಿಯ ಮಾತಾಡುವಂತಿರಲಿಲ್ಲ. ಅಲ್ಲಿದ್ದದ್ದು ಹೆಚ್ಚಾಗಿ ಮಣ್ಣಿನ ಗೋಡೆ, ಗರಿ-ಹುಲ್ಲಿನ ಮಾಡು. ಕೊಂದದ್ದು ನೀರು. ಆದ್ದರಿಂದ ಮುಂದಿನ ದಶಕಗಳಲ್ಲಿ ಆಂಧ್ರ ಕಟ್ಟಿದ್ದು ಮುನ್ಸೂಚನೆಯನ್ನು, ರೇಡಾರನ್ನು, ಎತ್ತರದ ಕಂಬಗಳ ಮೇಲೆ ನಿಂತ ತುಫಾನು ಆಶ್ರಯಗಳನ್ನು, ಜನರನ್ನು ಸಮಯಕ್ಕೆ ಮುಂಚೆ ಸಾಗಿಸುವ ವ್ಯವಸ್ಥೆಯನ್ನು. ಫಲವೂ ಕಂಡಿತು. 1990ರ ಮೇ ತಿಂಗಳಲ್ಲಿ ಮಚಲಿಪಟ್ಟಣದ ಬಳಿ ಬಲವಾದ ಚಂಡಮಾರುತ ಮತ್ತೆ ದಡ ದಾಟಿದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸಾವು ಸಾವಿರದೊಳಗೆ ನಿಂತಿತು. ಇದ್ದ ದುಡ್ಡನ್ನು ಕಿಟಕಿಗಿಂತ ಮೊದಲು ಜೀವಕ್ಕೆ ಹಾಕಿದ್ದು ಸರಿಯಾದ ಆಯ್ಕೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಗಾಳಿಯ ಲೆಕ್ಕವನ್ನು ನಾವು ಮಾಡಲೇ ಇಲ್ಲ ಎಂದಲ್ಲ. ಕಟ್ಟಡಗಳ ಮೇಲಿನ ಭಾರವನ್ನು ಹೇಳುವ ಭಾರತೀಯ ಮಾನಕ ಐಎಸ್ 875 ಮೊದಲು ಬಂದದ್ದು 1957ರಲ್ಲಿ. ಗಾಳಿಗೆಂದೇ ಇರುವ ಅದರ ಮೂರನೆಯ ಭಾಗ 1987ರಲ್ಲಿ ದೇಶವನ್ನು ಆರು ವಲಯಗಳಾಗಿ ವಿಂಗಡಿಸಿತು. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ 50. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಸುಮಾರು ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಮೂರು ಸೆಕೆಂಡಿನ ಬೀಸಿನ ವೇಗ ಇದು.

33ಕ್ಕೂ 50ಕ್ಕೂ ಹೆಚ್ಚು ದೂರವಿಲ್ಲ ಎನಿಸಬಹುದು. ಆದರೆ ಗಾಳಿಯ ಒತ್ತಡ ವೇಗದ ವರ್ಗದ ಜತೆ ಏರುತ್ತದೆ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯ ಮೇಲೆ ಬೆಂಗಳೂರಿನ ಲೆಕ್ಕದಲ್ಲಿ ಬೀಳುವುದು ಸುಮಾರು 100 ಕಿಲೋ ಭಾರ. ಅದೇ ಕಿಟಕಿಯ ಮೇಲೆ ವಿಶಾಖಪಟ್ಟಣದಲ್ಲಿ ಸುಮಾರು 225 ಕಿಲೋ, ಅಂದರೆ ಮೂವರು ದೊಡ್ಡವರು ಒಟ್ಟಿಗೆ ಗಾಜಿಗೆ ಒರಗಿ ನಿಂತಂತೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಚೆನ್ನಾಗಿ ಕಂಡ ಸ್ಲೈಡಿಂಗ್ ಕಿಟಕಿ ಇಲ್ಲಿ ಸಾಲದು ಎನ್ನಲು ಇಷ್ಟೇ ಸಾಕು, ಇನ್ನೂ ಮರದ ತುಂಡು ಹಾರಿ ಬಂದಿಲ್ಲ.

ಕಿಟಕಿ ಒಡೆದರೆ ಏನಾಗುತ್ತದೆ ಎಂಬುದೂ ಈ ಮಾನಕಕ್ಕೆ ಗೊತ್ತು. ಗೋಡೆಯಲ್ಲಿ ತೆರೆದ ಭಾಗ ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ಒಳ ಒತ್ತಡದ ಗುಣಕ 0.2, 5ರಿಂದ 20ರವರೆಗೆ 0.5, ಅದಕ್ಕೂ ಹೆಚ್ಚಿದ್ದರೆ 0.7. ಅಂದರೆ ಒಡೆದ ದೊಡ್ಡ ಕಿಟಕಿಯೊಂದು ಒಳ ಒತ್ತಡವನ್ನು ಮೂರು ಪಟ್ಟಿಗೂ ಹೆಚ್ಚು ಮಾಡಬಲ್ಲದು. ಡಾರ್ವಿನ್ನಿನಲ್ಲಿ ವಾಕರ್ ಕಂಡ ಸರಪಳಿಯೇ ಇದು. ಆದರೆ ಗಾಳಿಯ ಒತ್ತಡಕ್ಕೆ ತಡೆಯುವ ಗಾಜು ಹಾರಿಬಂದ ಶೀಟಿಗೂ ತಡೆಯುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಗಾಜಿಗೆ ಪೆಟ್ಟಿನ ಮಾತು ನಮ್ಮ ಮಾನಕಗಳಲ್ಲಿ ಬರುತ್ತದೆ; ಅದು ಮುಖ್ಯವಾಗಿ ಮನುಷ್ಯ ಎಡವಿ ಗಾಜಿಗೆ ಡಿಕ್ಕಿ ಹೊಡೆದರೆ ಗಾಯವಾಗಬಾರದು ಎಂಬ ಕಾಳಜಿಯಿಂದ ಹುಟ್ಟಿದ್ದು.

2014ರ ಅಕ್ಟೋಬರ್ 12ರಂದು ಈ ಪ್ರಶ್ನೆ ಮನೆಬಾಗಿಲಿಗೆ ಬಂತು. ಒಮಾನ್ ಕೊಟ್ಟ ಹುಡ್‌ಹುಡ್ ಎಂಬ ಹೆಸರಿನ ಚಂಡಮಾರುತ ಅಂದು ಮಧ್ಯಾಹ್ನ ನೇರವಾಗಿ ವಿಶಾಖಪಟ್ಟಣದ ಮೇಲೆ ದಡ ದಾಟಿತು. ಹುಡ್‌ಹುಡ್ ಎಂದರೆ ನಮ್ಮ ಚಂದ್ರಮುಕುಟ ಹಕ್ಕಿ. ಹವಾಮಾನ ಇಲಾಖೆ ಲೆಕ್ಕ ಹಾಕಿದ ಸ್ಥಿರ ಗಾಳಿಯ ವೇಗವೇ ಗಂಟೆಗೆ 180 ಕಿ.ಮೀ. ಆಸುಪಾಸು. ಮಾನಕದ 50 ಮೀಟರ್ ಅಂದರೂ ಗಂಟೆಗೆ 180 ಕಿ.ಮೀ.ಯೇ. ಆದರೆ ಮಾನಕದಲ್ಲಿರುವುದು ಮೂರು ಸೆಕೆಂಡಿನ ಬೀಸು, ಹವಾಮಾನ ಇಲಾಖೆಯದು ಕೆಲವು ನಿಮಿಷಗಳ ಸರಾಸರಿ. ಸರಾಸರಿಯೇ ಅಷ್ಟಿದ್ದ ಮೇಲೆ ನಡುನಡುವಿನ ಬೀಸು ಅದಕ್ಕೂ ಜೋರು.

ದೊಡ್ಡ ನಗರವೊಂದರ ಮೇಲೆ ಇಷ್ಟು ಬಲದ ಗಾಳಿ ನೇರವಾಗಿ ಹಾದುಹೋದಾಗ ಆಂಧ್ರದಲ್ಲಿ ಸತ್ತವರ ಸಂಖ್ಯೆ ಐವತ್ತರ ಆಸುಪಾಸಿನಲ್ಲಿ ನಿಂತಿತು. 1977ರಿಂದ ನಡೆದು ಬಂದ ದಾರಿಯ ದೊಡ್ಡ ಗೆಲುವು ಅದು. ಹಾನಿಯ ಲೆಕ್ಕ ಮಾತ್ರ ಬೇರೆ ಕಥೆ ಹೇಳಿತು: ರಾಜ್ಯ ಸರ್ಕಾರದ ಅಂದಾಜಿನಲ್ಲಿ ಸುಮಾರು 21,900 ಕೋಟಿ ರೂಪಾಯಿ. ವಿಮಾನ ನಿಲ್ದಾಣದ ಟರ್ಮಿನಲ್ಲಿನ ಚಾವಣಿಗೂ ಗಾಜಿಗೂ ಹೊಡೆತ ಬಿದ್ದು ವಿಮಾನಗಳು ಕೆಲವು ದಿನ ನಿಂತವು. ವಿದ್ಯುತ್ ಕಂಬಗಳು ಸಾಲುಸಾಲಾಗಿ ಮಲಗಿದವು. ಮರಗಳು ಸಾವಿರಗಟ್ಟಲೆ ಉರುಳಿ ಊರಿನ ಹಸಿರು ಒಂದೇ ದಿನದಲ್ಲಿ ಬೋಳಾಯಿತು. ಕಡಲ ದಂಡೆಯ ಕಟ್ಟಡಗಳ ಗಾಜು ರಸ್ತೆಗೆ ಬಂತು.

ನಮ್ಮ ಮನೆ ಮಾಲೀಕರು ಅಂದು ಇದೇ ಕಟ್ಟಡದಲ್ಲಿದ್ದವರು. ಮಂಚದ ಹಲಗೆಯನ್ನು ಕಿಟಕಿಗೆ ಒತ್ತಿ ಹಿಡಿದು ಗಂಟೆಗಟ್ಟಲೆ ನಿಂತಿದ್ದರಂತೆ. ಅವರು ಹೇಳಿದ ಒಂದು ಮಾತು ನನ್ನನ್ನು ಈ ಇತಿಹಾಸದ ಹಿಂದೆ ಹಚ್ಚಿತು. “ಗಾಜು ಗಾಳಿಗೆ ಒಡೆಯಲಿಲ್ಲ ಬಾಬು. ಎದುರು ಮಹಡಿಯ ಶೀಟು ಬಂದು ಹೊಡೆಯಿತು. ಆಮೇಲೆ ಗಾಳಿ ಒಳಗೆ ಬಂತು.” ಟ್ರೇಸಿಯ ಹೆಸರನ್ನೇ ಕೇಳದ ಅವರು ಡಾರ್ವಿನ್ನಿನ ಸರಪಳಿಯ ಮೊದಲೆರಡು ಕೊಂಡಿಗಳನ್ನು ಮೂರು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಮೂರನೆಯ ಕೊಂಡಿ ಇಲ್ಲಿ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಅಪಾರ್ಟ್‌ಮೆಂಟುಗಳ ಕಾಂಕ್ರೀಟ್ ತಾರಸಿ ಮರದ ಚಾವಣಿಯಂತೆ ಹಾರುವುದಿಲ್ಲ. ಕಿಟಕಿ ಹೋದರೂ ಕಟ್ಟಡ ನಿಲ್ಲುತ್ತದೆ. ಆದರೆ ಮಳೆ ಒಳನುಗ್ಗುತ್ತದೆ, ವೈರಿಂಗ್ ನೆನೆಯುತ್ತದೆ, ಗಾಜಿನ ಚೂರು ಕೋಣೆಯೊಳಗೆ ಹಾರುತ್ತದೆ, ಮನೆ ವಾರಗಟ್ಟಲೆ ವಾಸಕ್ಕೆ ಬರುವುದಿಲ್ಲ. ತಗಡಿನ ಮಾಡಿರುವ ಶಾಲೆ, ಗೋದಾಮು, ಕಾರ್ಖಾನೆಯ ಶೆಡ್ಡುಗಳಲ್ಲಂತೂ ಮೂರನೆಯ ಕೊಂಡಿಯೂ ಹಾಗೇ ಇದೆ. ಅಲ್ಲಿಂದ ಹಾರಿದ ತಗಡೇ ನಮ್ಮ ಕಿಟಕಿಗೆ ಬಡಿಯುವ ಮಿಸೈಲ್.

ಹುಡ್‌ಹುಡ್ ನಂತರ ಏನು ಬದಲಾಯಿತು? ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ವಿಶಾಖಪಟ್ಟಣದ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವ ಯೋಜನೆ ಬಂತು. ಕಂಬ ಬಿದ್ದು ಊರು ಕತ್ತಲಾದ ಪಾಠ ಅದು. ಐಎಸ್ 875ರ ಗಾಳಿಯ ಭಾಗ 2015ರಲ್ಲಿ ಪರಿಷ್ಕಾರಗೊಂಡಿತು. ಚಂಡಮಾರುತದ ವಲಯಕ್ಕೆಂದೇ ಅದರಲ್ಲಿ ಹೊಸ ಗುಣಕ ಸೇರಿತು: ಆಸ್ಪತ್ರೆ, ಶಾಲೆ, ಆಶ್ರಯ ಕಟ್ಟಡಗಳಂಥ, ತುಫಾನಿನ ನಂತರವೂ ನಿಂತಿರಲೇಬೇಕಾದ ಕಟ್ಟಡಗಳಿಗೆ 1.30, ಕೈಗಾರಿಕಾ ಕಟ್ಟಡಗಳಿಗೆ 1.15, ಉಳಿದೆಲ್ಲಕ್ಕೂ 1. ವೇಗವನ್ನು 1.30ರಿಂದ ಗುಣಿಸಿದರೆ ಒತ್ತಡ ಸುಮಾರು 1.7 ಪಟ್ಟಾಗುತ್ತದೆ, ಹಾಗಾಗಿ ಇದು ಸಣ್ಣ ಸುಧಾರಣೆಯಲ್ಲ. ಆದರೆ ನೀವು ನಾವು ಸಾಲ ಮಾಡಿ ಕೊಳ್ಳುವ ಮನೆ ‘ಉಳಿದೆಲ್ಲ’ದಲ್ಲಿ ಬರುತ್ತದೆ. ಒಂದರಿಂದ ಗುಣಿಸಿದರೆ ಏನೂ ಹೆಚ್ಚುವುದಿಲ್ಲ.

ಇನ್ನೊಂದು ಗೆರೆಯೂ ಇದೆ. ಈ ಗುಣಕ ಅನ್ವಯಿಸುವುದು ಪೂರ್ವ ಕರಾವಳಿಯಲ್ಲಿ ದಡದಿಂದ 60 ಕಿ.ಮೀ. ಒಳಗಿನ ಪಟ್ಟಿಗೆ, ಗುಜರಾತಿನಲ್ಲೂ ಹಾಗೆಯೇ. ವಿಶಾಖಪಟ್ಟಣ ದಡದ ಮೇಲೇ ಇದೆ. ವಿಜಯವಾಡ ಸಮುದ್ರದಿಂದ ಸುಮಾರು 70 ಕಿ.ಮೀ. ದೂರ, ಗೆರೆಯಿಂದ ಸ್ವಲ್ಪ ಆಚೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ನಿಜ. ನೆಲದ ಮೇಲೆ ಬಂದಂತೆ ಚಂಡಮಾರುತ ಬಲ ಕಳೆದುಕೊಳ್ಳುತ್ತದೆ ಎಂಬುದೂ ನಿಜ. ಆದರೆ ವಿಜಯವಾಡದಿಂದ ದಡದವರೆಗೆ ನಡುವೆ ಬೆಟ್ಟವಿಲ್ಲ, ಇರುವುದು ಕೃಷ್ಣೆಯ ಮುಖಜಭೂಮಿಯ ಚಪ್ಪಟೆ ಗದ್ದೆಬಯಲು. 2023ರ ಡಿಸೆಂಬರ್ 5ರಂದು ಮಿಚಾಂಗ್ ಚಂಡಮಾರುತ ದಡ ದಾಟಿದ್ದು ಬಾಪಟ್ಲದ ಹತ್ತಿರ, ಈ ಊರಿನ ತೆಂಕಣ ದಿಕ್ಕಿನಲ್ಲೇ. ನದಿಯಾಚೆ ಅಮರಾವತಿ ಹೊಸ ರಾಜಧಾನಿಯಾಗಿ ಕಟ್ಟಿಕೊಳ್ಳುತ್ತಿದೆ. ಗಾಜಿನ ಮುಖದ ಕಟ್ಟಡ ನೋಡಿದರೆ ಊರು ಮುಂದುವರಿದಿದೆ ಎಂದು ನಂಬುವ ಕಾಲ ಇದು. ಬೆಂಗಳೂರಿನ ಹೊರವರ್ತುಲ ರಸ್ತೆಯಿಂದ ಬಂದ ನಮಗೆ ಆ ನಂಬಿಕೆಯ ಪರಿಚಯ ಚೆನ್ನಾಗಿಯೇ ಇದೆ.

ಹಾಗಾದರೆ ಮಯಾಮಿಯ ಮರದ ತುಂಡನ್ನು ಇಲ್ಲಿಗೆ ತಂದು ಹೊಡೆಯೋಣವೇ? ನನಗೆ ಹಾಗನಿಸುವುದಿಲ್ಲ. ಅಲ್ಲಿನ ಮನೆಗಳ ಚಾವಣಿಯ ಚೌಕಟ್ಟು ಹೆಚ್ಚಾಗಿ ಮರದ್ದು, ಆದ್ದರಿಂದ ಅಲ್ಲಿ ಹಾರುವುದೂ ಮರ. ವಿಶಾಖಪಟ್ಟಣದಲ್ಲಿ ಹಾರುವುದು ತಗಡು, ಸಿಮೆಂಟ್ ಶೀಟು, ಹೆಂಚು, ಹೋರ್ಡಿಂಗಿನ ಚೌಕಟ್ಟು, ತೆಂಗಿನ ಗರಿ. ನಮಗೆ ನಮ್ಮದೇ ಮಿಸೈಲ್ ಬೇಕು. ನಮ್ಮ ಬೀದಿಗಳಲ್ಲಿ ನಿಜವಾಗಿ ಹಾರಿದ್ದನ್ನು ಎಣಿಸಿ, ತೂಗಿ ಅದನ್ನು ನಿರ್ಧರಿಸಬೇಕು. ಚಂಡಮಾರುತಗಳ ಹಾನಿಯನ್ನು ದಶಕಗಳಿಂದ ಸ್ಥಳಕ್ಕೇ ಹೋಗಿ ಅಧ್ಯಯನ ಮಾಡಿದ ಚೆನ್ನೈನ ಸ್ಟ್ರಕ್ಚರಲ್ ಎಂಜಿನಿಯರಿಂಗ್ ರಿಸರ್ಚ್ ಸೆಂಟರಿನಂಥ ಸಂಸ್ಥೆ ನಮ್ಮಲ್ಲೇ ಇದೆ. ತಗ್ಗು ಮನೆಗಳನ್ನು ಚಂಡಮಾರುತಕ್ಕೆ ಗಟ್ಟಿ ಮಾಡುವುದು ಹೇಗೆಂದು ಹೇಳುವ ಐಎಸ್ 15498 ಎಂಬ ಮಾರ್ಗಸೂಚಿ 2004ರಿಂದಲೇ ಇದೆ. ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮಂಡಳಿ ಬಿಎಂಟಿಪಿಸಿಯ ಸಲಹೆಗಳಲ್ಲಿ ದೊಡ್ಡ ಗಾಜನ್ನು ಸಣ್ಣ ಚೌಕಗಳಾಗಿಸಿ, ದಪ್ಪ ಗಾಜು ಹಾಕಿ, ಹೊರಗಿನಿಂದ ಲೋಹದ ಜಾಲರಿ ಕಟ್ಟಿ ಎಂಬ ಮಾತಿದೆ. ಜಾಲರಿಯ ಸಲಹೆ ಬಂದದ್ದೇ ಹಾರಿಬರುವ ವಸ್ತುಗಳ ಹೆದರಿಕೆಯಿಂದ. ತಿಳಿವಳಿಕೆ ನಮ್ಮಲ್ಲಿ ಇತ್ತು. ಅದು ಸಲಹೆಯಾಗಿ ಉಳಿಯಿತು, ಪರೀಕ್ಷೆಯಾಗಲಿಲ್ಲ.

ಆಸ್ಟ್ರೇಲಿಯಾದವರು ಇಟ್ಟುಕೊಂಡ ಇನ್ನೊಂದು ದಾರಿಯೂ ನಮಗೆ ಹೊಂದುತ್ತದೆ. ಕಿಟಕಿಯನ್ನು ಪೆಟ್ಟಿಗೆ ತಡೆಯುವಂತೆ ಮಾಡು, ಇಲ್ಲವೇ ಕಿಟಕಿ ಒಡೆದೇ ಒಡೆಯುತ್ತದೆಂದು ತಿಳಿದು ಚಾವಣಿಯನ್ನು ಆ ಪೂರ್ತಿ ಒಳ ಒತ್ತಡಕ್ಕೆ ಬಿಗಿ. ಹಳ್ಳಿಯ ಶಾಲೆಗೆ ಎರಡನೆಯದು ಅಗ್ಗ; ಶೀಟಿಗೆ ಇನ್ನಷ್ಟು ಬೋಲ್ಟು, ಗೋಡೆಗೆ ಇನ್ನೊಂದು ಕಬ್ಬಿಣದ ಪಟ್ಟಿ. ಆಸ್ಪತ್ರೆಯ ವಾರ್ಡಿಗೆ ಮೊದಲನೆಯದೇ ಬೇಕು, ಹಾಸಿಗೆಯಲ್ಲಿರುವ ರೋಗಿಯನ್ನು ಮಳೆಯಲ್ಲಿ ಎಲ್ಲಿಗೆಂದು ಎತ್ತಿಕೊಂಡು ಹೋಗುವುದು?

ಮನೆ ಕೊಳ್ಳುವವರು ಕೇಳಬಹುದಾದದ್ದೂ ಸ್ವಲ್ಪ ಇದೆ. ಕಿಟಕಿಯ ಗಾಜು ಯಾವ ಬಗೆಯದು? ಟಫನ್ಡ್ ಗಾಜು ಗಟ್ಟಿ, ಆದರೆ ಒಡೆದರೆ ಕಲ್ಲುಸಕ್ಕರೆಯಂತೆ ಉದುರಿ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಲ್ಯಾಮಿನೇಟೆಡ್ ಗಾಜು, ಅಂದರೆ ಕಾರಿನ ಮುಂದಿನ ಗಾಜಿನಂತೆ ನಡುವೆ ಪ್ಲಾಸ್ಟಿಕ್ ಪದರ ಇರುವುದು, ಒಡೆದರೂ ಕಚ್ಚಿಕೊಂಡಿರುತ್ತದೆ. ಚೌಕಟ್ಟನ್ನು ಗೋಡೆಗೆ ಎಷ್ಟು ಕಡೆ ಬಿಗಿದಿದ್ದಾರೆ? ಗಾಜು ಗಟ್ಟಿಯಿದ್ದು ಚೌಕಟ್ಟೇ ಕಿತ್ತು ಬಂದರೆ ಪ್ರಯೋಜನವಿಲ್ಲ. ಲೆಕ್ಕ ಹಾಕಿದ್ದು 33ಕ್ಕೋ 50ಕ್ಕೋ? ಕಟ್ಟಡದ ಕಂಬ-ತೊಲೆಗಳಿಗೆ ಎಂಜಿನಿಯರರ ಸಹಿ ಇರುತ್ತದೆ. ಕಿಟಕಿಯನ್ನು ಅನೇಕ ಕಡೆ ನಿರ್ಧರಿಸುವುದು ದರ ಮತ್ತು ನೋಟ. ತುಫಾನಿನ ಹಿಂದಿನ ದಿನ ಗಾಜಿಗೆ ಅಡ್ಡ-ಉದ್ದ ಟೇಪ್ ಅಂಟಿಸಿದರೆ ಸಾಕು ಎಂದು ನಂಬಬೇಡಿ. ಟೇಪ್ ಗಾಜನ್ನು ಗಟ್ಟಿ ಮಾಡುವುದಿಲ್ಲ; ಅಳತೆಗೆ ಕತ್ತರಿಸಿಟ್ಟ ಪ್ಲೈವುಡ್ ಹಲಗೆ ಅದಕ್ಕಿಂತ ಎಷ್ಟೋ ಮೇಲು.

1977ರಲ್ಲಿ ಹತ್ತು ಸಾವಿರ, 1990ರಲ್ಲಿ ಸಾವಿರದೊಳಗೆ, 2014ರಲ್ಲಿ ಐವತ್ತರ ಆಸುಪಾಸು. ಮೂವತ್ತೇಳು ವರ್ಷದಲ್ಲಿ ಆಂಧ್ರ ನೀರಿನ ಲೆಕ್ಕವನ್ನು ಇಷ್ಟರಮಟ್ಟಿಗೆ ಕಲಿತಿದೆ, ಮತ್ತು ಅದನ್ನು ಕಲಿತದ್ದು ಬಡ ಕಾಲದಲ್ಲಿ. ಬದುಕಿ ಉಳಿದವರು ಮಾರನೆಯ ದಿನ ಯಾವ ಮನೆಗೆ, ಯಾವ ಆಸ್ಪತ್ರೆಗೆ, ಯಾವ ಶಾಲೆಗೆ ಮರಳುತ್ತಾರೆ ಎಂಬ ಲೆಕ್ಕ ಇನ್ನು ಮುಂದಿನದು. ಅದು ಕಿಟಕಿಯಿಂದ ಶುರುವಾಗುತ್ತದೆ. ಅಕ್ಟೋಬರ್-ನವೆಂಬರ್ ಪ್ರತಿ ವರ್ಷವೂ ಬರುತ್ತದೆ, ಕಡಲ ದಂಡೆಯಲ್ಲಿ ಗಾಜಿನ ಕಟ್ಟಡಗಳು ಪ್ರತಿ ವರ್ಷವೂ ಏಳುತ್ತಿವೆ.